ಅಡಿಕೆ ಕೊನೆಕೊಯ್ಲು ಹತ್ತಿರ ಬಂತು, ನಾಯಿ ಕೆಲಸದವರ ಮೇಲೆ ಎರಗ್ತಿದೆ: ಹೊಡೆಯದೆ ತಿದ್ದುವವರು ನಮ್ಮ ಕಡೆ ಇದ್ದಾರಾ?

ತೋಟದಮನೆ_ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಒಳಗಿನ ಹಳ್ಳಿ. ಒಂಟಿಮನೆ, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ. ನಾಯಿ ಕೆಂಚ, ಊರುನಾಯಿ ಜಾತಿ, ನಾಲ್ಕು ವರ್ಷದವನು. ಮನೆಯವರ ಜೊತೆ ಅವನಷ್ಟು ಸಾಧು ಯಾರೂ ಇಲ್ಲ. ನಮ್ಮ ಅತ್ತೆ ಜಗಲಿಯಲ್ಲಿ ಕೂತರೆ ಅವರ ಕಾಲ ಹತ್ತಿರವೇ ಬಿದ್ದಿರ್ತಾನೆ. ಮಂಗ ಬಂದರೆ ತೋಟದ ತುದಿಯವರೆಗೂ ಓಡಿಸಿ ಬರ್ತಾನೆ.

ತೊಂದರೆ ಹೊರಗಿನವರದ್ದು. ಅದರಲ್ಲೂ ಕಂಬಳಿಕೊಪ್ಪೆ (ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿ) ಅಥವಾ ರೇನ್‌ಕೋಟ್ ಹಾಕಿಕೊಂಡವರು, ಕೈಯಲ್ಲಿ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಹಿಡಿದವರು, ಹೆಲ್ಮೆಟ್ ತೆಗೆಯದೆ ಅಂಗಳಕ್ಕೆ ಇಳಿಯುವವರು ಕಂಡರೆ ಮೈಯೆಲ್ಲ ಸೆಟೆದು ನಿಲ್ತಾನೆ, ಆಮೇಲೆ ನುಗ್ತಾನೆ. ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಯಲು ಬಂದವರೊಬ್ಬರ ಮೀನಖಂಡಕ್ಕೆ ಹಲ್ಲು ಹಾಕಿದ. ಅವರಿಗೆ ಇಂಜೆಕ್ಷನ್ ಎಲ್ಲ ಆಯ್ತು, ಗುಣವಾಗಿದ್ದಾರೆ. ದೀಪಾವಳಿ ಕಳೆದ ಕೂಡಲೇ ಅಡಿಕೆ ಕೊನೆ (ಗೊನೆ) ಇಳಿಸುವವರು, ಸುಲಿಯುವವರು ಅಂತ ದಿನವೂ ಹೊಸ ಮುಖಗಳು ಬರೋಕೆ ಶುರು.

ಅಕ್ಕಪಕ್ಕದವರು ಹಗಲೂ ರಾತ್ರಿ ಸರಪಳಿ ಹಾಕಿ ಅಂತಾರೆ. ನೆಂಟರೊಬ್ಬರು ದೂರ ಎಲ್ಲಾದರೂ ಬಿಟ್ಟು ಬನ್ನಿ ಅಂದ್ರು. ಪೇಟೆಯ ಟ್ರೈನರ್ ಒಬ್ಬರಿಗೆ ಫೋನ್ ಮಾಡಿದಾಗ, ಒಂದು ತಿಂಗಳು ನಮ್ಮಲ್ಲಿ ಬಿಡಿ, ಕುತ್ತಿಗೆ ಬಿಗಿಯುವ ಚೋಕ್ ಚೈನು, ಕರೆಂಟು ಹೊಡೆಯುವ ಶಾಕ್ ಬೆಲ್ಟ್ ಹಾಕಿ ಸರಿ ಮಾಡಿ ಕೊಡ್ತೇವೆ, ಗ್ಯಾರಂಟಿ ಅಂದ್ರು. ಅದು ನನಗೆ ಬೇಡ. ನಾಯಿಗೂ ನೋವಾಗಬಾರದು, ಬರುವವರಿಗೂ ನೋವಾಗಬಾರದು. ಅಂಥ ಸಹಾಯ ಎಲ್ಲಿ ಸಿಗುತ್ತೆ, ಯಾರನ್ನು ನಂಬೋದು, ತಿಳಿದವರು ಹೇಳಿ.

ನಿರ್ವಾಹಕರು

ಒಂದು ವಿನಂತಿ: ಯಾರ ಫೋನ್ ನಂಬರನ್ನೂ, ಯಾವ ತರಬೇತುದಾರರ ಹೆಸರನ್ನೂ ಇಲ್ಲಿ ಹಾಕಬೇಡಿ. ಹೊಗಳಿಕೆಗೂ ಇದೇ ನಿಯಮ, ದೂರಿಗೂ ಇದೇ. ವಿಷಯ ಮಾತಾಡಿ.

ಹಳೇಮನೆ_ಸೊರಬ

ನಮ್ಮ ಅಪ್ಪನ ಕಾಲದಿಂದ ಮನೆಯಲ್ಲಿ ನಾಯಿ ಇವೆ. ತಪ್ಪು ಮಾಡಿದಾಗ ಎರಡು ಬಿಟ್ಟರೆ ಮತ್ತೆ ಮಾಡ್ತಿರಲಿಲ್ಲ. ಮನೆ ಯಜಮಾನ ಯಾರು ಅಂತ ನಾಯಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದೇ ಯಜಮಾನ ಆಗುತ್ತೆ. ಶಾಕ್ ಕೊಡಿ ಅಂತ ನಾನು ಹೇಳೋದಿಲ್ಲ. ಆದರೆ ಹಿಡಿ ಬಿಗಿಯಾಗಿರಬೇಕು.

ವೆಟ್_ಶಿವಮೊಗ್ಗ

ಹೊಸನಗರದ ಅಮ್ಮನವರೇ, ತರಬೇತುದಾರರನ್ನು ಹುಡುಕುವ ಮೊದಲು ಕೆಂಚನನ್ನು ಪಶುವೈದ್ಯರಿಗೆ ತೋರಿಸಿ. ಲಸಿಕೆಗೆ ಕರೆದುಕೊಂಡು ಹೋಗುವ ಹಾಗಲ್ಲ, ಈ ವಿಷಯಕ್ಕೇ ಅಂತ ಹೇಳಿ ತೋರಿಸಿ. ನೋವಿರುವ ನಾಯಿಗೆ ತಾಳ್ಮೆ ಕಡಿಮೆ. ಕಿವಿಯ ಒಳಗಿನ ಸೋಂಕು, ಸೀಳಿದ ದವಡೆ ಹಲ್ಲು, ಸೊಂಟ ಮತ್ತು ಹಿಂಗಾಲಿನ ಕೀಲುನೋವು, ಇವು ಹೊರಗೆ ಕಾಣೋದೇ ಇಲ್ಲ. ಊಟ ಮಾಡ್ತಾನೆ, ಓಡ್ತಾನೆ, ಹಾಗಾಗಿ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಮಲೆನಾಡಿನಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಬೇರೆ. ಉಣುಗಿನಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ಜ್ವರಗಳು ನಾಯಿಯನ್ನು ಒಳಗಿಂದ ಸುಸ್ತು ಮಾಡಿರುತ್ತವೆ. ಮುಟ್ಟಿದರೆ ಸಿಡುಕುವ ನಾಯಿಯ ರಕ್ತ ಪರೀಕ್ಷೆ ಮಾಡಿದಾಗ ಕಾರಣ ಅಲ್ಲೇ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕು ಅಂದರೆ ಶಿವಮೊಗ್ಗ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿನ ಬೋಧನಾ ಆಸ್ಪತ್ರೆಗೆ ಬರೆಸಿಕೊಂಡು ಬನ್ನಿ.

ಇನ್ನೊಂದು ಮುಖ್ಯ ಮಾತು, ಇದು ಎಲ್ಲರಿಗೂ. ನಿನ್ನೆವರೆಗೂ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ, ಸ್ವರ ಒಡೆದರೆ, ಜೊಲ್ಲು ಸುರಿಸಿದರೆ, ನೀರು ನುಂಗಲು ಒದ್ದಾಡಿದರೆ ಅದನ್ನು ನಡವಳಿಕೆಯ ಸಮಸ್ಯೆ ಅಂತ ನೋಡಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿರಬಹುದು ಅಂತ ಬಾಯಿಗೆ ಕೈ ಹಾಕಲೇಬೇಡಿ. ಅದು ರೇಬೀಸ್ ಆಗಿರಬಹುದು. ದೂರ ನಿಂತು ನಮಗೆ ತಿಳಿಸಿ. ನಾಯಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಮುಂದಿನದು.

ಕೋಣಂದೂರು_ಮೇಷ್ಟ್ರು

ಸೊರಬದ ಹಿರಿಯರ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ವಿಷಯ ಹೇಳ್ತೇನೆ. ಈ ಯಜಮಾನಿಕೆಯ ವಾದ ಎಲ್ಲಿಂದ ಬಂತು ಅಂತ ನೋಡಿದರೆ ಅದರ ಬೇರು ನಾಯಿಯಲ್ಲಿ ಇಲ್ಲ, ತೋಳದಲ್ಲಿ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದರು. ಪರಸ್ಪರ ಸಂಬಂಧವೇ ಇಲ್ಲದ ತೋಳಗಳನ್ನು ಒಂದು ಬೇಲಿಯೊಳಗೆ ಹಾಕಿದರೆ ಕಚ್ಚಾಡುತ್ತವೆ, ಒಂದು ಮೇಲಾಗುತ್ತೆ. ಅಮೆರಿಕದ ಡೇವಿಡ್ ಮೆಚ್ 1970ರಲ್ಲಿ ಬರೆದ ಪುಸ್ತಕ ಈ ವಿಚಾರವನ್ನು ಜನಪ್ರಿಯ ಮಾಡಿತು. ಅದೇ ಮೆಚ್ ಆಮೇಲೆ ಕಾಡಿನಲ್ಲಿ ಬೇಸಿಗೆಯಿಂದ ಬೇಸಿಗೆಗೆ ತೋಳಗಳನ್ನು ಹಿಂಬಾಲಿಸಿ, 1999ರಲ್ಲಿ ಬೇರೆಯದನ್ನೇ ಬರೆದರು: ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ. ಅಲ್ಲಿ ಯಜಮಾನ ಪಟ್ಟಕ್ಕೆ ಹೊಡೆದಾಟ ಇಲ್ಲ. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನು ಅವರೇ ಕೇಳಿಕೊಂಡರು. ಒಬ್ಬ ವಿದ್ವಾಂಸ ಹೀಗೆ ನಡೆದುಕೊಳ್ಳೋದು ದೊಡ್ಡ ವಿಷಯ ಅಂತ ನನಗೆ ಯಾವಾಗಲೂ ಅನಿಸುತ್ತೆ.

ಹೊಡೆದರೆ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಡವಳಿಕೆಯ ತೊಂದರೆಗೆ ತಮ್ಮಲ್ಲಿಗೆ ಬಂದ ನಾಯಿಗಳ ಮಾಲೀಕರನ್ನು ಮನೆಯಲ್ಲಿ ಏನೇನು ಪ್ರಯತ್ನಿಸಿದಿರಿ ಅಂತ ವಿಚಾರಿಸಿದರು. ಹೊಡೆದ ಅಥವಾ ಒದ್ದ ಮನೆಗಳಲ್ಲಿ ನೂರಕ್ಕೆ 43 ನಾಯಿಗಳು ತಿರುಗಿ ಬಿದ್ದಿದ್ದವು. ಅಂಗಾತ ಕೆಡವಿ ಅದುಮಿದವರಲ್ಲಿ ನೂರಕ್ಕೆ 31. ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಿದ್ದಕ್ಕೇ ನೂರಕ್ಕೆ 30. ಬಿಗಿ ಹಿಡಿಯಿಂದ ಕಚ್ಚೋದು ನಿಲ್ಲುತ್ತೆ ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಹಳೇಮನೆ_ಸೊರಬ

ಮೇಷ್ಟ್ರೆ, ಓದಿದವರು ನೀವು, ತೋಳದ ವಿಷಯ ಒಪ್ಪಿದೆ. ಆದರೆ ನಮ್ಮ ನಾಯಿಗಳು ಹೊಡೆತ ತಿಂದು ಸುಮ್ಮನಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನಲ್ಲ?

ಬೆಂಗಳೂರಿನ_ಮಲೆನಾಡಿಗ

ನಾನು ತೀರ್ಥಹಳ್ಳಿ ಕಡೆಯವನು, ಈಗ ಬೆಂಗಳೂರಿನಲ್ಲಿ ನಾಯಿಗಳನ್ನು ತಿದ್ದುವ ಇದೇ ಕೆಲಸ ಮಾಡ್ತೇನೆ. ಹಿರಿಯರ ಪ್ರಶ್ನೆಗೆ ಉತ್ತರ ಕೊಡ್ತೇನೆ, ಯಾಕೆಂದರೆ ಇದೇ ವಿಷಯದ ತಿರುಳು.

ನೀವು ಕಂಡದ್ದು ನಿಜ. ಹೊಡೆದರೆ ನಾಯಿ ಸುಮ್ಮನಾಗುತ್ತೆ. ಆದರೆ ಏನು ಸುಮ್ಮನಾಯ್ತು ಅಂತ ನೋಡಬೇಕು. ನಾಯಿ ಕಚ್ಚುವ ಮೊದಲು ತುಂಬ ಮಾತಾಡುತ್ತೆ. ಮುಖ ತಿರುಗಿಸುತ್ತೆ, ತುಟಿ ನೆಕ್ಕುತ್ತೆ, ನಿದ್ದೆ ಬರದಿದ್ದರೂ ಆಕಳಿಸುತ್ತೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುತ್ತೆ, ಮೈ ಸೆಟೆಯುತ್ತೆ, ಕೊನೆಗೆ ಗುರ್ ಅನ್ನುತ್ತೆ. ಗುರ್ ಅಂದದ್ದಕ್ಕೆ ಹೊಡೆದರೆ ಗುರ್ ಅನ್ನೋದು ನಿಲ್ಲುತ್ತೆ, ಒಳಗಿನ ಭಯ ಹಾಗೇ ಇರುತ್ತೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತೆ. "ಏನೂ ಸೂಚನೆ ಕೊಡದೆ ಕಚ್ಚಿತು" ಅಂತ ನನ್ನ ಹತ್ತಿರ ಬರುವ ನಾಯಿಗಳ ಹಿಂದಿನ ಕಥೆ ಕೇಳುತ್ತಾ ಹೋದರೆ ಗುರ್ ಅಂದಾಗೆಲ್ಲ ಏಟು ತಿಂದಿದ್ದು ಹೊರಗೆ ಬರುತ್ತೆ. ಬಾಲ ಅಲ್ಲಾಡಿಸ್ತಿತ್ತು ಅಂತಾರೆ ಕೆಲವರು. ಬಾಲ ಮೇಲೆತ್ತಿ, ಬಿಗಿಯಾಗಿ, ಸಣ್ಣಗೆ ಅಲ್ಲಾಡಿಸುವ ನಾಯಿ ಸಂತೋಷದಲ್ಲಿಲ್ಲ.

ಕೆಂಚನ ವಿವರ ಓದಿದಾಗ ನನಗೆ ಕಾಣುವುದು ಭಯ. ಕೊಪ್ಪೆ ಹಾಕಿದ ಮನುಷ್ಯನಿಗೆ ಮನುಷ್ಯನ ಆಕಾರವೇ ಇರೋದಿಲ್ಲ. ಹೆಲ್ಮೆಟ್ ಹಾಕಿದವರ ಮುಖ ಕಾಣೋದಿಲ್ಲ. ದೋಟಿ ಅನ್ನೋದು ನಾಯಿಯ ಲೆಕ್ಕದಲ್ಲಿ ತೀರಾ ಉದ್ದದ ಕೋಲು. ಒಂಟಿಮನೆಯ ನಾಯಿ ಮರಿಯಾಗಿದ್ದಾಗ ಇವನ್ನು ನೋಡಿರೋದು ಕಡಿಮೆ. ಮೂರನೇ ವಾರದಿಂದ ಸುಮಾರು ಹದಿಮೂರನೇ ವಾರದವರೆಗೆ ಮರಿ ಏನೇನು ನೋಡಿ, ಕೇಳಿ, ಮುಟ್ಟಿಸಿಕೊಂಡು ಬೆಳೆಯುತ್ತೋ ಅದೆಲ್ಲ ಅದಕ್ಕೆ ಸಹಜ ಅನಿಸುತ್ತೆ. ಆ ಕಾಲದಲ್ಲಿ ಮಳೆ ಹಿಡಿದು ಮನೆಗೆ ಯಾರೂ ಬಾರದೇ ಇದ್ದರೆ, ಬೆಳೆದ ಮೇಲೆ ಪ್ರತಿಯೊಬ್ಬ ಹೊಸಬರೂ ಅಪಾಯವೇ. ಇದು ಮನೆಯವರ ತಪ್ಪಲ್ಲ, ಮಲೆನಾಡಿನ ಒಂಟಿಮನೆಯ ಬದುಕು ಇರೋದೇ ಹಾಗೆ.

ರಿಪ್ಪನ್‌ಪೇಟೆ_ಕೊನೆಕೆಲಸ

ನಾನು ಕೊನೆ ಇಳಿಸುವವನು. ಇಷ್ಟೊತ್ತು ಓದಿದೆ. ಎಲ್ಲರೂ ನಾಯಿಯ ಹೆದರಿಕೆ ಬಗ್ಗೆ ಹೇಳ್ತಿದ್ದೀರಿ, ಸಂತೋಷ. ನಮ್ಮ ಹೆದರಿಕೆ ಯಾರು ಕೇಳ್ತಾರೆ? ಮರದ ಮೇಲಿದ್ದಾಗ ಬುಡದಲ್ಲಿ ನಾಯಿ ಬೊಗಳ್ತಾ ನಿಂತರೆ ಇಳಿಯೋದು ಹೆಂಗೆ? "ಏನೂ ಮಾಡಲ್ಲ ಬನ್ನಿ, ಅದು ಪಾಪದ್ದು" ಅಂತಾರೆ ಮನೆಯವರು. ಅವರಿಗೆ ಏನೂ ಮಾಡಲ್ಲ, ನಮಗೆ ಮಾಡುತ್ತೆ. ಕಚ್ಚಿದರೆ ಸೂಜಿ ಹಾಕಿಸಿಕೊಳ್ಳೋಕೆ ಮತ್ತೆ ಮತ್ತೆ ಪೇಟೆಗೆ ಹೋಗಬೇಕು, ಅಷ್ಟು ದಿನದ ಕೂಲಿ ಹೋಯ್ತು. ಕೊನೆಕಾಲದ ದುಡಿಮೆಯಲ್ಲೇ ನಮ್ಮ ವರ್ಷ ನಡೀಬೇಕು. ನಾಯಿಗೆ ಹೊಡೀಬೇಡಿ, ನಾನೂ ಒಪ್ತೀನಿ. ನಮ್ಮನ್ನೂ ಅಷ್ಟೇ ಕಾಳಜಿಯಿಂದ ನೋಡಿ.

ತೋಟದಮನೆ_ಹೊಸನಗರ

ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಬರೆದದ್ದೇ ಬರುವವರ ಭಯಕ್ಕೆ. ಮಳೆಗಾಲದಲ್ಲಿ ಕಚ್ಚಿಸಿಕೊಂಡವರನ್ನು ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಸೂಜಿಯ ದಿನಗಳ ಕೂಲಿಯನ್ನೂ ಕೊಟ್ಟಿದ್ದೇವೆ. ಅದು ಆಗಲೇಬಾರದು ಅನ್ನೋದು ನನ್ನ ಆಸೆ.

ವೆಟ್_ಶಿವಮೊಗ್ಗ

ಈ ಮಾತು ಬಂದದ್ದು ಒಳ್ಳೆಯದಾಯ್ತು. ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಇರಲಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಗಾಯವನ್ನು 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0, 3, 7, 28; 0 ಅಂದರೆ ಮೊದಲ ಸೂಜಿಯ ದಿನ. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಒಂದು ಸೂಜಿಗೆ ನಿಲ್ಲಿಸುವವರು ಬಹಳ. ಹಾಗೆ ಮಾಡಬೇಡಿ.

ಸಾಗರ_ವಕೀಲಿ

ಕಾನೂನಿನ ಕಡೆಯಿಂದ ಎರಡೇ ಮಾತು. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಾಗಂತ ಹಗಲೂ ರಾತ್ರಿ ಗಿಡ್ಡ ಸರಪಳಿಯಲ್ಲಿ ಕಟ್ಟೋದೂ ಪರಿಹಾರ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ವಿಪರೀತ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡೋದೂ, ಯಾವಾಗಲೂ ಕಟ್ಟಿದ ನಾಯಿಯನ್ನು ಅಡ್ಡಾಡಿಸದೇ ಇರೋದೂ ಅಪರಾಧ ಅಂತಲೇ ಬರೆದಿದೆ. ದೂರ ಬಿಟ್ಟು ಬರುವ ಮಾತಂತೂ ಬೇಡ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ತೊರೆಯೋದು ಅದೇ ಕಲಮಿನಡಿ ಬರುತ್ತೆ.

ಬೆಂಗಳೂರಿನ_ಮಲೆನಾಡಿಗ

ರಿಪ್ಪನ್‌ಪೇಟೆಯ ಅಣ್ಣ ಹೇಳಿದ್ದನ್ನು ನಾನು ಎಲ್ಲ ಮಾಲೀಕರಿಗೂ ಹೇಳ್ತೇನೆ. ದಯೆಯ ತರಬೇತಿ ಅಂದರೆ ನಾಯಿಯನ್ನು ಜನರ ಮೇಲೆ ಬಿಟ್ಟು ಪ್ರಯೋಗ ಮಾಡೋದಲ್ಲ. ಮೊದಲ ದಿನದಿಂದಲೇ ಯಾರಿಗೂ ಕಚ್ಚುವ ಅವಕಾಶ ಸಿಗಬಾರದು. ಪ್ರತಿ ಸಲ ನುಗ್ಗಿದಾಗಲೂ ಹೊರಗಿನವರು ಹಿಂದೆ ಸರಿಯುತ್ತಾರೆ, ನಾಯಿಗೆ ಅದು ಗೆಲುವು. ಅದು ಗಟ್ಟಿಯಾಗುತ್ತಾ ಹೋಗುತ್ತೆ.

ಹಾಗಾಗಿ ಕೊನೆ ನಡೆಯುವ ದಿನ ತರಬೇತಿಯ ದಿನವಲ್ಲ. ಕೆಲಸದವರು ಬರುವ ಮೊದಲೇ ಕೆಂಚನನ್ನು ಅಡ್ಡಾಡಿಸಿ, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ ಇರಿಸಿ. ಅಂಗಳ ಕಾಣುವ ಕಿಟಕಿ ಬೇಡ. ಸ್ಟೀಲ್ ಬಟ್ಟಲಲ್ಲಿ ಮೊಸರನ್ನ ಹಾಕಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿ ಕೊಟ್ಟರೆ ನೆಕ್ಕುತ್ತಾ ಬಹಳ ಹೊತ್ತು ಕಳೆಯುತ್ತಾನೆ. ಸುಲಿಯುವವರು ಊಟಕ್ಕೆ ಕೂತು ತೋಟದ ಕಡೆ ಯಾರೂ ಇಲ್ಲದಾಗ ಮತ್ತೊಂದು ಸುತ್ತು ಬೆಲ್ಟ್ ಹಾಕಿ ಕರೆದುಕೊಂಡು ಹೋಗಿ. ಬಾಗಿಲಿಗೆ ಚಿಲಕ ಇರಲಿ, ಮಕ್ಕಳು ಮರೆತು ತೆಗೆಯುವುದು ಅದೇ ಬಾಗಿಲನ್ನು.

ತರಬೇತಿ ಬೇರೆ ಹೊತ್ತಿನಲ್ಲಿ. ಅದು ಹೀಗೆ. ಕೊಪ್ಪೆ, ದೋಟಿ, ಹೊಸ ಮನುಷ್ಯ, ಈ ಮೂರನ್ನೂ ಮೊದಲು ಬೇರೆ ಬೇರೆ ಮಾಡಿ. ಬೇಲಿಯ ಮೇಲೆ ಬರೀ ಕೊಪ್ಪೆ ನೇತುಹಾಕಿ. ಕೆಂಚ ಅದನ್ನು ನೋಡಬೇಕು, ಆದರೆ ಬೊಗಳದೆ, ಸೆಟೆಯದೆ ಇರುವಷ್ಟು ದೂರದಲ್ಲಿ ನಿಲ್ಲಿಸಿ. ಅದು ಹತ್ತು ಮಾರೋ, ಇಪ್ಪತ್ತು ಮಾರೋ, ಅವನೇ ಹೇಳ್ತಾನೆ. ಅವನು ಕೊಪ್ಪೆಯನ್ನು ನೋಡಿದ ಕೂಡಲೇ ಬೇಯಿಸಿದ ಕೋಳಿಯ ಸಣ್ಣ ಚೂರು. ಮತ್ತೆ ನೋಡಿದ, ಮತ್ತೊಂದು ಚೂರು. ಕೊಪ್ಪೆ ಮರೆಯಾಯ್ತು, ಕೋಳಿಯೂ ನಿಂತಿತು. ಈ ಕ್ರಮ ತಪ್ಪಬಾರದು: ಮೊದಲು ಹೆದರಿಕೆಯ ವಸ್ತು, ಆಮೇಲೆ ತಿಂಡಿ. ತಿಂಡಿ ತೋರಿಸಿ ಹತ್ತಿರ ಎಳೆದುಕೊಂಡು ಹೋದರೆ ತಿಂಡಿಯ ಮೇಲೇ ಅನುಮಾನ ಬರುತ್ತೆ. ಐದು ನಿಮಿಷ ಸಾಕು. ದಿನ ಬಿಟ್ಟು ದಿನವಾದರೂ ಸರಿ.

ಕೊಪ್ಪೆ ಕಂಡಾಗ ಅವನೇ ತಿರುಗಿ ನಿಮ್ಮ ಮುಖ ನೋಡಿ "ಎಲ್ಲಿ ನನ್ನ ಚೂರು" ಅನ್ನುವ ಹಾಗಾದರೆ ಒಂದು ಹೆಜ್ಜೆ ದಾಟಿದಿರಿ ಅಂತ. ಆಮೇಲೆ ಮನೆಯವರೇ ಕೊಪ್ಪೆ ಹಾಕಿ ದೂರದಲ್ಲಿ ಸುಮ್ಮನೆ ನಿಲ್ಲಲಿ. ಆಮೇಲೆ ನಾಲ್ಕು ಹೆಜ್ಜೆ ನಡೆಯಲಿ. ದೋಟಿಗೂ ಹಾಗೆಯೇ: ಮೊದಲು ನೆಲದ ಮೇಲೆ ಮಲಗಿಸಿಟ್ಟ ದೋಟಿ, ಆಮೇಲೆ ಮರಕ್ಕೆ ಒರಗಿಸಿದ್ದು, ಆಮೇಲೆ ಮನೆಯವರ ಕೈಯಲ್ಲಿ. ಹೊಸ ಮನುಷ್ಯ ಬರೋದು ಇದೆಲ್ಲ ಆದ ಮೇಲೆ, ಗೇಟಿನ ಆಚೆ. ಬೊಗಳಿದರೆ ಗದರಬೇಡಿ, ಹತ್ತಿರ ಹೋಗಿಬಿಟ್ಟಿದ್ದೀರಿ ಅಂತ ಅರ್ಥ. ಹಿಂದೆ ಬನ್ನಿ, ಅಷ್ಟೇ.

ಕೋಣಂದೂರು_ಮೇಷ್ಟ್ರು

ಒಂದರ ಹಿಂದೆ ತಿಂಡಿ ಬರುತ್ತಿದ್ದರೆ ನಾಯಿ ಎರಡನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳೋದು, ಇದು ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೊಲ್ಲು ಅಳೆಯುತ್ತಾ ಕಂಡುಕೊಂಡ ವಿಷಯವೇ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಆದರೆ ಲೋಕ ಅವರನ್ನು ನೆನಪಿಟ್ಟುಕೊಂಡಿರೋದು ಇದಕ್ಕೆ.

ಸಾಗರ_ಸಸ್ಯಾಹಾರಿ

ನಮ್ಮ ಮನೆಯಲ್ಲಿ ಕೋಳಿ ತರುವ ಹಾಗಿಲ್ಲ. ಮೊಟ್ಟೆಯೂ ಇಲ್ಲ. ಆಗ ಏನು ಮಾಡೋದು?

ಬೆಂಗಳೂರಿನ_ಮಲೆನಾಡಿಗ

ಪನೀರ್ ಚೂರು, ಬೆಂದ ಗೆಣಸು, ಗಿಣ್ಣು, ಯಾವುದಕ್ಕೆ ನಿಮ್ಮ ನಾಯಿ ಎಲ್ಲ ಬಿಟ್ಟು ಓಡಿ ಬರುತ್ತೋ ಅದು. ದಿನವೂ ಸಿಗದ ತಿಂಡಿಯಾಗಿರಬೇಕು, ಊಟದ ಅನ್ನ ಆಗೋದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಕೊಡಲೇಬೇಡಿ, ನಾಯಿಗೆ ವಿಷ.

ಕುವೆಂಪುನಗರ_ಓದುಗ

ನನ್ನ ಪರಿಚಯದವರೊಬ್ಬರು ಪೊಲೀಸ್ ಶ್ವಾನದಳದಲ್ಲಿ ಇದ್ದು ನಿವೃತ್ತರಾದವರು. ಅಂಥವರು ಈ ಕೆಲಸಕ್ಕೆ ಆಗಬಹುದಾ? ಪಳಗಿದವರಲ್ವಾ?

ಬೆಂಗಳೂರಿನ_ಮಲೆನಾಡಿಗ

ಆಗಬಹುದು, ಆಗದೇ ಇರಬಹುದು. ವಾಸನೆ ಹಿಡಿಸುವುದು, ಹೇಳಿದಾಗ ಕೂರಿಸುವುದು ಒಂದು ವಿದ್ಯೆ. ಹೆದರಿದ ನಾಯಿಯ ಹೆದರಿಕೆ ಕಡಿಮೆ ಮಾಡುವುದು ಬೇರೆಯದೇ ಕೆಲಸ. "ಕೂರು" ಅಂದರೆ ಕೂರುವ ನಾಯಿ ಕೂತಲ್ಲೇ ನಡುಗುತ್ತಿರಬಹುದು.

ನಮ್ಮ ದೇಶದಲ್ಲಿ ನಾಯಿ ತರಬೇತುದಾರ ಅಂತ ಬೋರ್ಡ್ ಹಾಕಲು ಯಾವ ಪರವಾನಗಿಯೂ ಬೇಕಿಲ್ಲ. ಹಾಗಾಗಿ ಕೇಳಿ ತಿಳಿಯುವ ಹೊಣೆ ನಮ್ಮದೇ. ಯಾರೇ ಆಗಲಿ, ಫೋನಿನಲ್ಲೇ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಅದಕ್ಕೆ ಏನು ಸಿಗುತ್ತೆ? ತಪ್ಪಿದರೆ ಅದಕ್ಕೆ ಏನಾಗುತ್ತೆ? ಎರಡನೇ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತೆ. "ಸ್ವಲ್ಪ ಜಗ್ಗುತ್ತೇವೆ", "ಸ್ವಲ್ಪ ಕರೆಂಟು, ನೋವಾಗಲ್ಲ" ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ. ನೋವಾಗದಿದ್ದರೆ ಅದು ಕೆಲಸವನ್ನೇ ಮಾಡೋದಿಲ್ಲ. ವೇಲ್ಸ್‌ನಲ್ಲಿ 2010ರಿಂದಲೇ ಶಾಕ್ ಕಾಲರ್ ನಿಷೇಧ ಇದೆ. ಗ್ಯಾರಂಟಿ ಕೊಡುವವರನ್ನೂ ನಂಬಬೇಡಿ. ಬದುಕಿರುವ ಪ್ರಾಣಿಯ ನಡವಳಿಕೆಗೆ ಯಾರೂ ಗ್ಯಾರಂಟಿ ಕೊಡಲಾರರು. ನಾಯಿಯನ್ನು ನಮ್ಮಲ್ಲಿ ಬಿಟ್ಟು ಹೋಗಿ, ನೀವು ನೋಡೋಕೆ ಬರಬೇಡಿ ಅನ್ನುವವರ ಹತ್ತಿರ ಬಿಡಲೇಬೇಡಿ. ಕೆಂಚ ಹೆದರೋದು ನಿಮ್ಮ ಅಂಗಳದಲ್ಲಿ. ಕಲಿಯಬೇಕಾದದ್ದೂ ಅಲ್ಲೇ, ನಿಮ್ಮ ಜೊತೆಗೇ. ಒಳ್ಳೆಯವರು ಮೊದಲು ವೈದ್ಯರಿಗೆ ತೋರಿಸಿದ್ದೀರಾ ಅಂತ ಕೇಳ್ತಾರೆ, ಕಚ್ಚಿದ ದಿನ ಏನೇನಾಯ್ತು ಅಂತ ಕೆದಕಿ ಕೆದಕಿ ಕೇಳ್ತಾರೆ, ತಮ್ಮಿಂದ ಆಗದಿದ್ದರೆ ಇನ್ನೊಬ್ಬರ ಹತ್ತಿರ ಕಳಿಸ್ತಾರೆ.

ಶಿಕ್ಷೆಯಿಂದ ಬರೀ ಕಚ್ಚುವ ಅಪಾಯ ಅಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿದರು. ಜಗ್ಗಿ, ಗದರಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಏರಿತ್ತು. ಬೇರೊಂದು ದಿನ ಕೋಣೆಯಲ್ಲಿ ಬಟ್ಟಲು ಇಟ್ಟು ನೋಡಿದಾಗ, ತುಂಬ ಕಠಿಣವಾಗಿ ಕಲಿಸಿಕೊಂಡ ನಾಯಿಗಳು ಅದರಲ್ಲಿ ತಿಂಡಿ ಇದ್ದೀತು ಅನ್ನುವ ಆಸೆಯನ್ನೇ ಕಳೆದುಕೊಂಡ ಹಾಗೆ ನಿಧಾನವಾಗಿ ಹೋದವು. ಅದನ್ನು ಓದಿದ ದಿನ ನನಗೆ ತುಂಬ ಸಂಕಟ ಆಯ್ತು.

ಆಗುಂಬೆ_ಘಾಟಿ

ನಮ್ಮದು ಬೇರೆ ಕಷ್ಟ. ಎರಡು ನಾಯಿ ಇದ್ದವು. ಒಂದನ್ನು ಚಿರತೆ ಹಿಡಿಯಿತು, ಅಂಗಳದ ಅಂಚಿನಿಂದಲೇ. ಉಳಿದವಳು ಅಂದಿನಿಂದ ಕತ್ತಲಾದರೆ ಮೂತ್ರಕ್ಕೂ ಹೊರಗೆ ಇಳಿಯೋದಿಲ್ಲ. ಎಳೆದರೆ ನಡುಗ್ತಾಳೆ. ಗುಡುಗು ಬಂದರಂತೂ ಮಂಚದ ಕೆಳಗೆ ಸೇರಿ ಗೋಡೆ ಕೆರೆಯುತ್ತಾಳೆ. ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗುತ್ತೆ, ಮುಟ್ಟಬೇಡಿ ಅಂತ ಒಬ್ಬರು ಹೇಳಿದರು. ಹೌದಾ?

ವೆಟ್_ಶಿವಮೊಗ್ಗ

ಇಲ್ಲ, ಖಂಡಿತ ಹಾಗಿಲ್ಲ. ಭಯ ಅನ್ನೋದು ತಿಂಡಿ ಸಿಗಲಿ ಅಂತ ಮಾಡುವ ಆಟವಲ್ಲ, ಸಮಾಧಾನ ಮಾಡಿದ್ದಕ್ಕೆ ಅದು ಬೆಳೆಯೋದಿಲ್ಲ. ಅವಳು ನಿಮ್ಮ ಹತ್ತಿರ ಬಂದರೆ ಮೈದಡವಿ, ಪಕ್ಕದಲ್ಲಿ ಕೂರಿ. ಎಳೆಯೋದನ್ನು ಇವತ್ತೇ ನಿಲ್ಲಿಸಿ. ಕತ್ತಲಾಗುವ ಮೊದಲು, ಬೆಳಕಿರುವಾಗಲೇ ಬೆಲ್ಟ್ ಹಾಕಿ ನೀವೇ ಜೊತೆಯಲ್ಲಿ ಹೋಗಿ. ಅವಳ ಹೆದರಿಕೆಗೆ ಕಾರಣವೂ ಇದೆ, ಚಿರತೆ ಬಂದ ದಾರಿಗೆ ಮತ್ತೆ ಬರುತ್ತೆ. ರಾತ್ರಿ ಒಳಗೇ ಮಲಗಿಸಿ, ಒಳಗಡೆ ಮೂಲೆಯಲ್ಲಿ ಗೋಣಿತಾಟು ಹಾಕಿ ಅಲ್ಲೇ ಮೂತ್ರಕ್ಕೆ ವ್ಯವಸ್ಥೆ ಮಾಡಿದರೂ ತಪ್ಪಿಲ್ಲ.

ಗುಡುಗಿಗೆ ಔಷಧಿ ಇದೆ. ಟ್ರಾಜೊಡೋನ್, ಗಾಬಾಪೆಂಟಿನ್ ಅಂಥವನ್ನು ಸಿಡಿಲು ಶುರುವಾಗುವ ಮುಂಚೆಯೇ ಕೊಟ್ಟರೆ ಭಯ ಇಳಿಯುತ್ತೆ. ದಿನನಿತ್ಯದ ಗಾಬರಿಗೆ ಫ್ಲೂಕ್ಸೆಟಿನ್, ಕ್ಲೋಮಿಪ್ರಮಿನ್ ಇವೆ, ವಾರಗಟ್ಟಲೆ ಕೊಟ್ಟ ಮೇಲೆ ಫಲ ಕಾಣುತ್ತೆ. ಹಳೆಯ ರೂಢಿಯ ಹಾಗೆ ಬರೀ ಅಸಿಪ್ರೊಮಜಿನ್ ಕೊಟ್ಟರೆ ಮೈ ಮಂಪರಾಗುತ್ತೆ, ಭಯ ಒಳಗೇ ಉಳಿಯುತ್ತೆ, ಓಡಲೂ ಆಗದ ಸ್ಥಿತಿ. ಅದು ಬೇಡ ಅಂತ ನನ್ನ ಅಭಿಪ್ರಾಯ. ಯಾವುದನ್ನೂ ಮೆಡಿಕಲ್ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ತೂಕ, ಯಕೃತ್ತು, ಮೂತ್ರಪಿಂಡ ನೋಡಿಯೇ ಪ್ರಮಾಣ ಬರೆಯುವುದು. ನಾಯಿಗೆ ಮನಸ್ಸಿನ ಮಾತ್ರೆಯಾ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಅಷ್ಟು ನಡುಗುವ ಪ್ರಾಣಿಗೆ ಏನನ್ನೂ ಕಲಿಯಲು ಆಗೋದಿಲ್ಲ, ಮೊದಲು ಅದರ ಎದೆಬಡಿತ ಇಳಿಯಬೇಕು.

ಹಳೇಮನೆ_ಸೊರಬ

ಚಿರತೆ ಮಾತು ಬಂತಲ್ಲ, ಹಾಗಾದರೆ ರಾತ್ರಿ ನಾಯಿ ಬಿಡದೆ ತೋಟ ಕಾಯೋದು ಹೇಗೆ? ಹಂದಿ ಬಂದರೆ ಒಂದೇ ರಾತ್ರಿಗೆ ಬಾಳೆ, ಅಡಿಕೆಸಸಿ ಎಲ್ಲ ಮಗುಚಿ ಹಾಕುತ್ತೆ. ಇದಕ್ಕೆ ಉತ್ತರ ಕೊಡದೆ ದಯೆ ಅಂದರೆ ನಮ್ಮಂಥವರಿಗೆ ಕಷ್ಟ.

ಬೆಂಗಳೂರಿನ_ಮಲೆನಾಡಿಗ

ನ್ಯಾಯವಾದ ಪ್ರಶ್ನೆ, ಹಿರಿಯರೆ. ಹಂದಿಗೆ ಸೋಲಾರ್ ಬೇಲಿ ನಾಯಿಗಿಂತ ಹೆಚ್ಚು ಕೆಲಸ ಮಾಡುತ್ತೆ, ಖರ್ಚು ಇದೆ ನಿಜ. ಒಳಗೆ ಮಲಗಿದ ನಾಯಿಯೂ ಸದ್ದು ಕೇಳಿದರೆ ಬೊಗಳುತ್ತೆ, ನೀವು ಎದ್ದು ಲೈಟ್ ಹಾಕಬಹುದು. ರಾತ್ರಿಯೆಲ್ಲ ಒಬ್ಬನೇ ಕಾದ ನಾಯಿ ಹಗಲು ನಿದ್ದೆಯಿಲ್ಲದೆ ಬಂದವರ ಮೇಲೆಲ್ಲ ಸಿಡುಕುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತೋಟದಮನೆ_ಹೊಸನಗರ

ಡಾಕ್ಟ್ರು ಹೇಳಿದ ಹಾಗೆ ಕೆಂಚನನ್ನು ತೋರಿಸಿ ಬಂದೆವು. ಹಿಂಗಾಲಿನ ಕೀಲಿನಲ್ಲಿ ನೋವಿದೆ ಅಂದ್ರು, ಮುಟ್ಟಿ ಮಡಿಸಿದಾಗ ತುಟಿ ನೆಕ್ಕಿದ, ಮುಖ ತಿರುಗಿಸಿದ. ಇಲ್ಲಿ ಓದಿರದಿದ್ದರೆ ನನಗೆ ಅದು ಕಾಣ್ತಿರಲಿಲ್ಲ. ನೋವಿಗೆ ಔಷಧಿ ಬರೆದಿದ್ದಾರೆ, ಉಣುಗಿಗೂ ಮಾತ್ರೆ ಕೊಟ್ಟಿದ್ದಾರೆ. ಬೇಲಿಯ ಮೇಲೆ ಕೊಪ್ಪೆ ಹಾಕಿ ಶುರು ಮಾಡಿದ್ದೇವೆ. ದೂರದಿಂದ ಸುಮ್ಮನೆ ನೋಡ್ತಾನೆ, ಚೂರು ತಿಂತಾನೆ. ನಮ್ಮ ಮಾವನವರು ಕೊಪ್ಪೆ ಹಾಕಿ ನಿಂತಾಗ ಮೊದಲು ಸೆಟೆದ, ದೂರ ಹೆಚ್ಚು ಮಾಡಿದೆವು, ಸರಿಹೋಯ್ತು.

ಒಂದು ಪ್ರಶ್ನೆ. ಕೊನೆಕೊಯ್ಲಿನ ಹೊತ್ತಿಗೆ ಮೂತಿಗೆ ಕುಕ್ಕೆ ಹಾಕೋದು ಹಿಂಸೆ ಆಗುತ್ತಾ? ಆಕಸ್ಮಿಕ ಬಾಗಿಲು ತೆರೆದರೆ ಅಂತ ಭಯ.

ಬೆಂಗಳೂರಿನ_ಮಲೆನಾಡಿಗ

ಸರಿಯಾದದ್ದನ್ನು ಸರಿಯಾಗಿ ರೂಢಿ ಮಾಡಿಸಿದರೆ ಹಿಂಸೆ ಅಲ್ಲ. ಬಟ್ಟೆಯ ಪಟ್ಟಿಯಂತೆ ಬಾಯಿ ಬಿಗಿದು ಹಿಡಿಯುವುದು ಬೇಡ, ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಲು ಆಗದೆ ಮೈ ಬಿಸಿಯೇರುತ್ತೆ. ಬುಟ್ಟಿಯಾಕಾರದ್ದು ತನ್ನಿ. ಹಾಕಿಕೊಂಡೇ ನೀರು ಕುಡಿಯಲು, ತಿಂಡಿ ತಿನ್ನಲು, ನಾಲಿಗೆ ಚಾಚಲು ಆಗಬೇಕು. ಮೂತಿಯ ಉದ್ದ, ಸುತ್ತಳತೆ ಎರಡನ್ನೂ ಟೇಪಿನಲ್ಲಿ ಅಳೆದು ತರಿಸಿ. ಮೊದಲು ಬುಟ್ಟಿಯೊಳಗೆ ಪನೀರ್ ಸವರಿ ಅವನೇ ಮೂತಿ ಹಾಕಿ ನೆಕ್ಕಲಿ, ಪಟ್ಟಿ ಕಟ್ಟಬೇಡಿ. ಅವನೇ ಓಡಿ ಬಂದು ಮೂತಿ ಹಾಕುವ ಹಾಗಾದ ಮೇಲೆ ಪಟ್ಟಿ, ಅದೂ ಸ್ವಲ್ಪ ಸ್ವಲ್ಪ ಹೊತ್ತು. ಕೆಲಸದವರು ಬಂದ ದಿನ ಮೊದಲ ಬಾರಿ ಹಾಕಿದರೆ ಎರಡನ್ನೂ ಕೂಡಿಸಿ ಹೆದರುತ್ತಾನೆ. ಕುಕ್ಕೆ ಇದೆ ಅಂತ ಬಾಗಿಲು ಸಡಿಲ ಬಿಡಬೇಡಿ, ಬಾಗಿಲೂ ಇರಲಿ, ಕುಕ್ಕೆಯೂ ಇರಲಿ. ಯಾರೂ ನೋಡಿಕೊಳ್ಳದೆ ಹಾಕಿಟ್ಟು ಹೋಗಬೇಡಿ.

ನೀವು ಅಭ್ಯಾಸ ಮಾಡುವಾಗ ಮನೆಯವರು ಯಾರಾದರೂ ದೂರದಿಂದ ವಿಡಿಯೊ ಮಾಡಲಿ. ಅದನ್ನು ನಡವಳಿಕೆ ಬಲ್ಲ ತರಬೇತುದಾರರಿಗೆ ಕಳಿಸಿದರೆ ಅವರು ಅಲ್ಲಿಂದಲೇ ನೋಡಿ ಹೇಳಬಹುದು. ಭಯಪಡುವ ನಾಯಿಗೆ ಇದು ಒಂದು ರೀತಿಯಲ್ಲಿ ಉತ್ತಮವೇ, ಇನ್ನೊಬ್ಬ ಹೊಸಬರು ಮನೆಗೆ ಬರೋದು ತಪ್ಪುತ್ತೆ. ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಗೆ ಬಂದಾಗ ಕಳಿಸಿ.

ರಿಪ್ಪನ್‌ಪೇಟೆ_ಕೊನೆಕೆಲಸ

ಅಕ್ಕಾ, ಹೊಸ ಮನುಷ್ಯ ಗೇಟಿನ ಆಚೆ ನಿಲ್ಲಬೇಕು ಅಂದ್ರಲ್ಲ. ಕೊನೆ ಶುರುವಾಗೋ ಮೊದಲು ನಮಗೂ ಬಿಡುವಿದೆ. ನಿಮಗೆ ದೂರ ಆಗದಿದ್ದರೆ ನಾನು ದೋಟಿ ಹಿಡ್ಕೊಂಡು ಬಂದು ನಿಲ್ತೀನಿ. ಗೇಟ್ ಹಾಕಿರಬೇಕು, ಅವನಿಗೆ ಬೆಲ್ಟ್ ಇರಬೇಕು, ಅದು ನನ್ನ ಷರತ್ತು.

ತೋಟದಮನೆ_ಹೊಸನಗರ

ಖಂಡಿತ ಅಣ್ಣಾ, ನಿಮ್ಮ ಅರ್ಧ ದಿನದ ಕೂಲಿ ಕೊಟ್ಟೇ ಕರೆಸ್ತೇವೆ. ಮಾವನವರು ದೋಟಿ ಹಿಡಿದರೆ ಅವನು ಸುಮ್ಮನಿರುವ ಹಾಗಾಗಲಿ, ಆಮೇಲೆ ಇಲ್ಲೇ ತಿಳಿಸ್ತೇನೆ.

ಬೆಂಗಳೂರಿನ_ಮಲೆನಾಡಿಗ

ಅಣ್ಣ ಬಂದಾಗ ಕೆಂಚನನ್ನು ಕಣ್ಣಿಟ್ಟು ನೋಡೋದು ಬೇಡ, ಓರೆಯಾಗಿ ನಿಲ್ಲಲಿ, ಮಾತಾಡಿಸೋದೂ ಬೇಡ. ದೋಟಿ ಕೆಳಗೇ ಇರಲಿ. ಚೂರು ಕೊಡುವವರು ಮನೆಯವರೇ, ಅಣ್ಣ ಅಲ್ಲ. ಮೊದಲ ದಿನ ಐದು ನಿಮಿಷಕ್ಕೆ ಮುಗಿಸಿ.